ವಲಸಿಗ, ನಿರಾಶ್ರಿತ, ವಸಾಹತುಗಾರ: ಎಲ್ಲಾ ಒಂದೇನಾ?

ತಮ್ಮನ ಮಗ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದುತ್ತಿದ್ದಾನೆ. ಅವನ ಕೋಚಿಂಗ್ ನೋಟ್ಸ್ ಮೇಲೆ ಸುಮ್ನೆ ಕಣ್ಣಾಡಿಸಿದೆ. ಸಮಾನಾರ್ಥಕ ಪದಗಳ ಪಟ್ಟಿಯಲ್ಲಿ ಒಂದು ಸಾಲು: "ವಸಾಹತುಗಾರ – ವಲಸಿಗ, ನಿರಾಶ್ರಿತ." ತಲೆ ಕೆಟ್ಟುಹೋಯಿತು. ನಾನು ರಾಯಚೂರು ಜಿಲ್ಲೆಯ ಸಿಂಧನೂರು ಕಡೆಯವನು. ಎಲ್ಲೆಲ್ಲಿಂದಲೋ ಬಂದು ನೆಲೆಸಿದವರ ನಡುವೆ ಬೆಳೆದವನು ಈ ಸಾಲನ್ನು ಹೇಗೆ ನುಂಗಲಿ?

1788ರಲ್ಲಿ ಬ್ರಿಟಿಷರು ಆಸ್ಟ್ರೇಲಿಯಾದಲ್ಲಿ ಇಳಿದರು. ಅಲ್ಲಿ ಸಾವಿರಾರು ವರ್ಷಗಳಿಂದ ಜನ ಇದ್ದರು. ಆದರೂ ಅದು ಯಾರಿಗೂ ಸೇರದ ನೆಲ ಅಂತ ತಾವೇ ತೀರ್ಮಾನಿಸಿ ಬೇಲಿ ಹಾಕಿಕೊಂಡರು. ಆ ವಾದ ತಪ್ಪು ಅಂತ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಹೇಳಿದ್ದು 1992ರಲ್ಲಿ. ಬಂದವನ ಬೆನ್ನಿಗೆ ಸರ್ಕಾರ, ಸರ್ಕಾರದ ಕೈಯಲ್ಲಿ ಬಂದೂಕು. ವಸಾಹತುಗಾರ ಅಂದರೆ ಅವನು.

ಈಗ ನಮ್ಮ ಕಡೆ ಬನ್ನಿ. ಸಿಂಧನೂರಿನ ಹತ್ತಿರ ಪುನರ್ವಸತಿಗೆಂದು ಮಾಡಿದ ಆರ್‌.ಎಚ್‌. ಕ್ಯಾಂಪ್‌ಗಳಿವೆ. ಪೂರ್ವ ಪಾಕಿಸ್ತಾನದಲ್ಲಿ ಮನೆಮಠ ಬಿಟ್ಟು ಬಂದ ಬಂಗಾಳಿಗಳಿಗೆ ಸರ್ಕಾರ ಅಲ್ಲಿ ಜಾಗ ಕೊಟ್ಟಿತು. ಭಾಷೆ ಗೊತ್ತಿಲ್ಲ, ಬಿಸಿಲು ಗೊತ್ತಿಲ್ಲ. ಮೀನು ಅನ್ನ ತಿಂದು ಬೆಳೆದವರು ಜೋಳದ ಸೀಮೆಗೆ ಬಂದು ಬಿದ್ದರು. ಅವರು ಯಾರ ನೆಲ ಕಿತ್ತುಕೊಂಡರು ಹೇಳಿ? ಬೈಲುಕುಪ್ಪೆಯ ಟಿಬೆಟಿಯನ್ನರೂ ಅಷ್ಟೇ. 1960ರ ದಶಕದ ಆರಂಭದಲ್ಲಿ ಬಂದು, ಕಾಡು ಕಡಿದು, ಸರ್ಕಾರ ಗುತ್ತಿಗೆಗೆ ಕೊಟ್ಟ ಜಾಗದಲ್ಲಿ ಮೆಕ್ಕೆಜೋಳ ಬೆಳೆದರು. ಇವರನ್ನು ಆ ಬಂದೂಕಿನವನ ಸಾಲಿನಲ್ಲಿ ಕೂರಿಸುವುದಾ?

ಇನ್ನೊಂದು ಬಗೆಯ ಕ್ಯಾಂಪ್ ಇದೆ. ತುಂಗಭದ್ರಾ ಕಾಲುವೆ ಬಂದ ಮೇಲೆ ಆಂಧ್ರದ ರೈತರು ಬಂದರು. ಗಂಗಾವತಿ ಪಕ್ಕದ ಶ್ರೀರಾಮನಗರ ನೋಡಿ. ಇವರು ಓಡಿಬಂದವರಲ್ಲ, ದುಡ್ಡು ತಂದು ಜಮೀನು ಕೊಂಡವರು. ನಮ್ಮವರು ಕಾಲುವೆ ನೀರಿನ ಬೆಲೆ ತಿಳಿಯದೆ ಅಗ್ಗಕ್ಕೆ ಮಾರಿದರು. ಆಮೇಲೆ ಮಾರಿದ ಹೊಲದಲ್ಲೇ ಕೆಲವರು ಕೂಲಿಗೆ ನಿಂತರು. ಇದನ್ನು ನೆನೆದರೆ ನನಗೂ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳಲ್ಲ. ಆದರೆ ಭತ್ತ ನಾಟಿ ಮಾಡುವುದನ್ನು ನಮ್ಮ ಕಡೆ ಜನ ಕಲಿತದ್ದೂ ಅವರನ್ನು ನೋಡಿಯೇ. ಇವರಿಗೆ ನಿರಾಶ್ರಿತ ಅನ್ನಿ, ನಗುತ್ತಾರೆ. ವಸಾಹತುಗಾರ ಅನ್ನಿ, ಕೋಲು ಹಿಡಿದು ಬರುತ್ತಾರೆ!

"ಅಯ್ಯೋ, ಒಂದು ಅಂಕದ ಪ್ರಶ್ನೆ, ಬಿಡಿ ದೊಡ್ಡಪ್ಪ" ಅಂದ ಹುಡುಗ. ಸಮಾನಾರ್ಥಕ ಅಂದಮೇಲೆ ಸ್ವಲ್ಪ ಆಚೀಚೆ ಇರುತ್ತದೆ ಅಂತ ನೀವೂ ಹೇಳಬಹುದು. ನೀರು, ಜಲ, ಉದಕ ಅಂದರೆ ನನ್ನದೇನೂ ತಕರಾರಿಲ್ಲ. ಇಲ್ಲಿ ಒಬ್ಬ ಹೊಡೆದವನು, ಇನ್ನೊಬ್ಬ ಹೊಡೆಸಿಕೊಂಡವನು. ನಾಳೆ ಇದೇ ಹುಡುಗ ಪಂಚಾಯ್ತಿ ಕುರ್ಚಿಯಲ್ಲಿ ಕೂತು ಯಾರಿಗೆ ಮನೆ, ಯಾರಿಗೆ ನಲ್ಲಿ ಅಂತ ಕಡತ ನೋಡುತ್ತಾನೆ. ಆಗಲೂ ಆಚೀಚೆಯಾ?

ಇನ್ನು ವಸಾಹತಿನ ಇಂಗ್ಲಿಷ್ ಹೆಸರು, ಕಾಲೋನಿ. ನಿಘಂಟು ತೆಗೆದರೆ ಹೊರಗಿನಿಂದ ಬಂದವರು ನೆಲೆಸಿದ ಜಾಗ. ಎಷ್ಟೋ ಹಳ್ಳಿಗಳಲ್ಲಿ ಎ.ಕೆ. (ಆದಿ ಕರ್ನಾಟಕ) ಕಾಲೋನಿ ಎಲ್ಲಿ ಅಂತ ಕೇಳಿ, ದಲಿತರ ಕೇರಿ ತೋರಿಸುತ್ತಾರೆ. ಊರು ಹುಟ್ಟಿದಾಗಿನಿಂದ ಅಲ್ಲೇ ಇರುವವರು, ಊರಿಗೆಲ್ಲ ದುಡಿದವರು. ಅವರ ಮನೆಗಳಿಗೆ ಕಾಲೋನಿ ಅಂತ ಬೋರ್ಡು. ಮಿಕ್ಕವರದು ಮಾತ್ರ 'ಊರು'. ಚೆನ್ನಾಗಿದೆ ಅಲ್ವಾ?

ನನ್ನದೇ ತಗೊಳ್ಳಿ. ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದೆ, ಸೈಟು ತಗೊಂಡೆ, ಇಲ್ಲೇ ಉಳಿದೆ. ಇಷ್ಟು ವರ್ಷದಲ್ಲಿ ಒಬ್ಬರೂ ನನ್ನನ್ನು ವಲಸಿಗ ಅಂದಿಲ್ಲ. ಕತ್ತಿಗೆ ಐಡಿ ಕಾರ್ಡ್ ಇತ್ತಲ್ಲ! ನಮ್ಮ ತಾಲ್ಲೂಕಿನಿಂದಲೇ, ನಾನು ಹತ್ತುವ ಬಸ್ಸಿನಲ್ಲೇ, ಪಾತ್ರೆ ಚೀಲ ಹೊತ್ತು ಗುಳೆ ಬಂದವನು ನಮ್ಮ ಬೀದಿಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಅವನು ವಲಸೆ ಕಾರ್ಮಿಕ. ಅವನ ಶೆಡ್ಡಿಗೆ ನೀರು ಬಿಡಬೇಕೋ ಬೇಡವೋ ಅಂತ ನಮ್ಮ ಲೇಔಟಿನ ಸಂಘದಲ್ಲಿ ಮೀಟಿಂಗ್ ಆಗುತ್ತದೆ. ಆ ಮೀಟಿಂಗಿನಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು ಇಬ್ಬರೋ ಮೂವರೋ ಇರಬಹುದು.