ಎಳೆದರೆ ಸಾಕು, ಬರೆದದ್ದೆಲ್ಲ ಮಾಯ

ಮೊಬೈಲ್ ಬ್ರೌಸರಿನಲ್ಲಿ ಉದ್ದದ ಅರ್ಜಿಯೊಂದನ್ನು ತುಂಬುವಾಗ, ಮೊದಲ ಸಾಲನ್ನು ಮತ್ತೊಮ್ಮೆ ನೋಡಲೆಂದು ಪುಟವನ್ನು ಕೆಳಕ್ಕೆ ಎಳೆದರೆ, ತುದಿ ಮುಟ್ಟಿದ ಮೇಲೂ ಬೆರಳು ತುಸು ಜಾರಿದ್ದೇ ಅಪರಾಧವೆಂಬಂತೆ ಇಡೀ ಪುಟ ಹೊಸದಾಗಿ ಲೋಡ್ ಆಗಿ, ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ. ಎಳೆದರೆ ಪುಟ ಹೊಸದಾಗುವ ಈ ಸೌಲಭ್ಯ ಕ್ಷಣಕ್ಷಣಕ್ಕೂ ಬದಲಾಗುವ ಸುದ್ದಿಪಟ್ಟಿಗೆ ಒಪ್ಪುತ್ತದೆಯೇ ಹೊರತು ಅರ್ಜಿಗಲ್ಲ. ಇದನ್ನು ತಡೆಯಲು ಜಾಲಪುಟದ ವಿನ್ಯಾಸ ಬರೆಯುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ 'ಓವರ್‌ಸ್ಕ್ರಾಲ್-ಬಿಹೇವಿಯರ್' ಎಂಬ ಗುಣವಿದ್ದು, ಒಂದೇ ಸಾಲು ಬರೆದರೆ ಸಾಕಾಗುವಾಗಲೂ ಎಷ್ಟೋ ಜಾಲತಾಣಗಳು ಆ ಗೋಜಿಗೆ ಹೋಗುವುದಿಲ್ಲ (ದೊಡ್ಡ ಪರದೆಯ ಮುಂದೆ ಮೌಸ್ ಹಿಡಿದು ಪರೀಕ್ಷಿಸುವವರಿಗೆ ಈ ಸಂಕಟ ಕಾಣುವುದಾದರೂ ಹೇಗೆ?). ಪುಟದ ನಡುವೆ ನಕಾಶೆಯೊಂದಿದ್ದರಂತೂ ಎಷ್ಟೋ ಸಲ ಬೆರಳು ಅದರ ಮೇಲೆ ಬಿದ್ದೊಡನೆ ಪುಟ ನಿಂತು ನಕಾಶೆ ಸರಿಯತೊಡಗುತ್ತದೆ. ನಾನು ಬಳಸುವ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಇವುಗಳನ್ನು ನಿಲ್ಲಿಸುವ ಆಯ್ಕೆಯೇ ಇಲ್ಲ.