ಶುಲ್ಕ ಮಾತ್ರ ಗ್ಯಾರಂಟಿ, ಸೌಲಭ್ಯ ಎಲ್ಲ ‘ಲಭ್ಯವಿದ್ದರೆ’

ಕ್ರೆಡಿಟ್ ಕಾರ್ಡಿಗೆ ವಾರ್ಷಿಕ ಶುಲ್ಕ ಹಾಕುವಾಗ ಬ್ಯಾಂಕ್‌ನವರು ಯಾವತ್ತಾದರೂ ‘ನಿಮ್ಮ ಹತ್ತಿರ ದುಡ್ಡಿದ್ದರೆ ಕೊಡಿ, ಇಲ್ಲದಿದ್ದರೆ ಪರವಾಗಿಲ್ಲ’ ಅಂದಿದ್ದಾರಾ? ಇಲ್ಲ. ತಾರೀಕು ಬಂತೆಂದರೆ ಪೂರ್ತಿ ಮೊತ್ತ ಬಿಲ್ಲಿನಲ್ಲಿ ಬಿದ್ದಿರುತ್ತದೆ. ಕಟ್ಟುವುದು ತಡವಾದರೆ ದಂಡ, ಬಡ್ಡಿ. ಆದರೆ ಆ ದುಡ್ಡಿಗೆ ಪ್ರತಿಯಾಗಿ ಕೊಡುತ್ತೇವೆ ಎಂದ ಹೋಟೆಲ್ ಸ್ಟೇಟಸ್, ಅಂದರೆ ಹೋಟೆಲ್ ಸದಸ್ಯತ್ವದ ಮೇಲಿನ ದರ್ಜೆ ಇದೆಯಲ್ಲ, ಅದರ ಒಂದೊಂದು ಸೌಲಭ್ಯದ ಬಾಲಕ್ಕೂ ‘ಲಭ್ಯವಿದ್ದರೆ ಮಾತ್ರ’ ಅಂತ ಅಂಟಿಸಿಟ್ಟಿದ್ದಾರೆ. ಒಳ್ಳೆ ಕೋಣೆ ಲಭ್ಯವಿದ್ದರೆ. ಕೋಣೆ ತಡವಾಗಿ ಬಿಡುವುದು ಲಭ್ಯವಿದ್ದರೆ. ಇಂಥ ಸದಸ್ಯರು ಕೂತು ಕಾಫಿ ಕುಡಿಯುವ ಲೌಂಜ್ ಇದ್ದರೆ, ತೆರೆದಿದ್ದರೆ. ನಾವು ಕೊಡುವುದು ಮಾತ್ರ ಖಂಡಿತ, ಅವರು ಕೊಡುವುದು ಅವರ ಮನಸ್ಸು ಬಂದರೆ. ಇದು ಯಾವ ಸೀಮೆ ವ್ಯವಹಾರ?

ನನ್ನದು ಯಾವ ಬ್ಯಾಂಕ್, ಯಾವ ಹೋಟೆಲ್ ಅಂತ ಇಲ್ಲಿ ಹೇಳುವುದಿಲ್ಲ. ಹೆಸರು ಹೇಳಿದರೆ ಅದೊಂದರದ್ದೇ ತಪ್ಪು ಅಂತ ಉಳಿದವರು ಕೈ ತೊಳೆದುಕೊಳ್ಳುತ್ತಾರೆ. ಹೆಚ್ಚು ಕಡಿಮೆ ಎಲ್ಲ ಕಡೆಯೂ ಇದೇ ಹಾಡು.

ಗೊತ್ತಿಲ್ಲದವರಿಗೆ ಎರಡು ಮಾತು. ದೊಡ್ಡ ಹೋಟೆಲ್ ಕಂಪನಿಗಳು ಸದಸ್ಯರಿಗೆ ಮೆಟ್ಟಿಲು ಮೆಟ್ಟಿಲಾಗಿ ಸ್ಟೇಟಸ್ ಕೊಡುತ್ತವೆ. ಮ್ಯಾರಿಯಟ್ ಕಂಪನಿಯ ಸದಸ್ಯತ್ವ ಯೋಜನೆ ಬಾನ್‌ವಾಯ್‌ನಲ್ಲಿ ವರ್ಷಕ್ಕೆ 10 ರಾತ್ರಿ ಉಳಿದರೆ ಸಿಲ್ವರ್, 25 ರಾತ್ರಿಗೆ ಗೋಲ್ಡ್, 50 ರಾತ್ರಿಗೆ ಪ್ಲಾಟಿನಂ. 50 ರಾತ್ರಿ ಅಂದರೆ ಹೆಚ್ಚು ಕಡಿಮೆ ವಾರಕ್ಕೊಂದು ರಾತ್ರಿ ಮನೆ ಬಿಟ್ಟಿರಬೇಕು. ಇದಕ್ಕೆ ಅಡ್ಡದಾರಿಯೇ ಬ್ಯಾಂಕ್ ಮತ್ತು ಹೋಟೆಲ್ ಸೇರಿ ತರುವ ದುಬಾರಿ ಕಾರ್ಡ್. ಅಮೆರಿಕದಲ್ಲಿ ಬಾನ್‌ವಾಯ್ ಬ್ರಿಲಿಯಂಟ್ ಕಾರ್ಡ್‌ಗೆ ವರ್ಷಕ್ಕೆ 650 ಡಾಲರ್ ಶುಲ್ಕ ಮಾಡಿ, 2022ರಿಂದ ಅದರ ಜೊತೆ ನೇರವಾಗಿ ಪ್ಲಾಟಿನಂ ಕೊಡುತ್ತಿದ್ದಾರೆ. ಇನ್ನೊಂದು ಹೋಟೆಲ್ ಕಂಪನಿ ಹಿಲ್ಟನ್‌ನ ಆಸ್ಪೈರ್ ಕಾರ್ಡ್ ತಗೊಂಡರೆ ಅವರ ಡೈಮಂಡ್ ಸ್ಟೇಟಸ್. ಒಂದು ರಾತ್ರಿಯೂ ಉಳಿಯಬೇಕಾಗಿಲ್ಲ. ವರ್ಷಕ್ಕೆ ನಾಲ್ಕಾರು ಸಲ ಊರು ಸುತ್ತುವವನಿಗೆ ಇದನ್ನು ನೋಡಿ ಆಸೆ ಆಗುವುದು ಸಹಜ ಅಲ್ವಾ? ಆಸೆ ಆಗಲಿ ಅಂತಲೇ ತಾನೆ ಜಾಹೀರಾತಿನಲ್ಲಿ ಸಮುದ್ರ ಕಾಣುವ ಸೂಟ್ ಚಿತ್ರ ಹಾಕಿರುವುದು.

ಕಾರ್ಡ್ ಮನೆಗೆ ಬಂತು. ಡಬ್ಬಿ ಚೆನ್ನಾಗಿತ್ತು. ಸ್ಟೇಟಸ್ ಮಾತ್ರ ಬರಲಿಲ್ಲ. ಅರ್ಜಿ ತುಂಬುವಾಗ ನನ್ನ ಹಳೆಯ ಸದಸ್ಯತ್ವದ ಸಂಖ್ಯೆಯನ್ನು ಸರಿಯಾಗಿ ಬರೆದುಕೊಟ್ಟಿದ್ದೆ. ಆದರೂ ಬ್ಯಾಂಕ್‌ನವರು ಅದನ್ನು ಬಿಟ್ಟು ನನ್ನ ಹೆಸರಲ್ಲಿ ಹೊಸದೊಂದು ಸಂಖ್ಯೆ ಹುಟ್ಟಿಸಿಬಿಟ್ಟರು. ಹಳೆಯದರಲ್ಲಿ ಮುಂದೆ ಕೋಣೆಗೆ ಬಳಸಬಹುದಾದ ನನ್ನ ಪಾಯಿಂಟ್‌ಗಳು, ನಾನು ಉಳಿದ ರಾತ್ರಿಗಳು. ಹೊಸದರಲ್ಲಿ ಕಾರ್ಡ್ ಕೊಟ್ಟ ಸ್ಟೇಟಸ್. ಕೋಣೆ ಬುಕ್ ಆಗಿದ್ದದ್ದು ಹಳೆಯದರಲ್ಲಿ. ಎರಡನ್ನೂ ಸೇರಿಸಿ ಅಂತ ಬ್ಯಾಂಕ್‌ಗೆ ಫೋನ್ ಮಾಡಿದರೆ ‘ನಾವು ವಿವರ ಕಳಿಸಿ ಆಯ್ತು ಸರ್, ಹೋಟೆಲ್‌ನವರನ್ನು ಕೇಳಿ’. ಹೋಟೆಲ್‌ನವರಿಗೆ ಮಾಡಿದರೆ ‘ನಮಗೆ ಬ್ಯಾಂಕ್‌ನಿಂದ ಏನೂ ಬಂದಿಲ್ಲ ಸರ್, ಅವರನ್ನೇ ಕೇಳಿ’. ಪ್ರತಿ ಸಲವೂ ಹೊಸ ವ್ಯಕ್ತಿ, ಪ್ರತಿ ಸಲವೂ ಮೊದಲಿನಿಂದ ಕಥೆ. ಹುಟ್ಟಿದ ತಾರೀಕು ಹೇಳಿ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಇದೆಲ್ಲ ಮುಗಿದು ಸರಿಯಾಗುವ ಹೊತ್ತಿಗೆ ಯಾವ ಪ್ರವಾಸಕ್ಕೆ ಅಂತ ಕಾರ್ಡ್ ತಗೊಂಡಿದ್ದೆನೋ ಆ ಪ್ರವಾಸವೇ ಮುಗಿದಿತ್ತು. ಶುಲ್ಕ ಮಾತ್ರ ಮೊದಲ ಬಿಲ್ಲಿನಲ್ಲೇ ಹೋಗಿತ್ತು. ಅದನ್ನು ತಗೊಳ್ಳುವಾಗ ಇಬ್ಬರಿಗೂ ಯಾವ ಗೊಂದಲವೂ ಆಗಲಿಲ್ಲ ನೋಡಿ.

ಸರಿ, ಮುಂದಿನ ಪ್ರವಾಸದಲ್ಲಾದರೂ ಉಪಯೋಗ ಆಗಲಿ ಅಂದುಕೊಂಡೆ. ಕೌಂಟರ್‌ನಲ್ಲಿದ್ದ ಹುಡುಗಿ ನಗುತ್ತಾ ‘ನಮ್ಮ ಮೇಲೆ ಇಷ್ಟು ನಂಬಿಕೆ ಇಟ್ಟಿದ್ದಕ್ಕೆ ಧನ್ಯವಾದ ಸರ್’ ಎಂದಳು. ಅಪ್‌ಗ್ರೇಡ್, ಅಂದರೆ ಅದೇ ದರಕ್ಕೆ ಇನ್ನೂ ಒಳ್ಳೆ ಕೋಣೆ ಕೇಳಿದೆ. ಕೀಬೋರ್ಡ್ ಕುಟ್ಟಿ, ‘ಇವತ್ತು ಪೂರ್ತಿ ತುಂಬಿದೆ ಸರ್, ನಿಮ್ಮ ಲೆವೆಲ್‌ನವರೇ ಜಾಸ್ತಿ ಇದ್ದಾರೆ’ ಎಂದಳು. ನಾನು ಅಲ್ಲೇ ನಿಂತು ಅವರದ್ದೇ ಆ್ಯಪ್ ತೆರೆದೆ. ಅದೇ ಹೋಟೆಲ್, ಅದೇ ರಾತ್ರಿ. ಮೂಲೆಯ ದೊಡ್ಡ ಕೋಣೆಯೂ ಇತ್ತು, ಸೂಟ್‌ಗಳೂ ಇದ್ದವು. ಫೋನ್ ತಿರುಗಿಸಿ ತೋರಿಸಿದೆ. ಅವಳು ಸ್ವಲ್ಪವೂ ತಡವರಿಸಲಿಲ್ಲ. ‘ಅದು ಮಾರಾಟಕ್ಕೆ ಇಟ್ಟಿರೋದು ಸರ್. ಬೇಕಿದ್ದರೆ ರಾತ್ರಿಗೆ ಇಷ್ಟು ಜಾಸ್ತಿ ಕಟ್ಟಿದರೆ ಈಗಲೇ ಕೊಡ್ತೀನಿ.’ ಅಂದರೆ ಕೋಣೆ ಇದೆ. ದುಡ್ಡು ಕೊಟ್ಟರೆ ಲಭ್ಯ, ಸ್ಟೇಟಸ್ ತೋರಿಸಿದರೆ ಲಭ್ಯವಿಲ್ಲ. ಹಾಗಾದರೆ ನಾನು ಬ್ಯಾಂಕ್‌ಗೆ ಕಟ್ಟಿದ್ದು ಏನು, ಅದು ದುಡ್ಡಲ್ವಾ?

ಆ ಹುಡುಗಿ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಮೇಲಿನವರು ಏನು ಹೇಳಿಕೊಟ್ಟಿದ್ದಾರೋ ಅದನ್ನೇ ಹೇಳುತ್ತಾಳೆ. ಸಿಟ್ಟು ಇರುವುದು ಈ ಲೆಕ್ಕಾಚಾರ ಕಟ್ಟಿದವರ ಮೇಲೆ. ನಾವು ಹೋಟೆಲ್ ಬಾಗಿಲ ಮೇಲೆ ನೋಡುವ ಹೆಸರು ಒಬ್ಬರದ್ದು, ಕಟ್ಟಡ ಬಹಳ ಕಡೆ ಇನ್ನೊಬ್ಬರದ್ದು. ಹೆಸರಿನ ಕಂಪನಿ ಬ್ಯಾಂಕ್‌ಗೆ ಪಾಯಿಂಟ್ ಮಾರುತ್ತದೆ, ಕಾರ್ಡ್‌ನಿಂದ ಬರುವ ಹಣದಲ್ಲಿ ಪಾಲು ತಗೊಳ್ಳುತ್ತದೆ. ಆದರೆ ನನಗೆ ತಿಂಡಿ ಹಾಕಬೇಕಾದವರು, ದೊಡ್ಡ ಕೋಣೆ ಬಿಟ್ಟುಕೊಡಬೇಕಾದವರು ಕಟ್ಟಡದ ಮಾಲೀಕರು. ಮಾತು ಕೊಟ್ಟವರು ಒಬ್ಬರು, ಖರ್ಚು ಹೊರಬೇಕಾದವರು ಇನ್ನೊಬ್ಬರು. ಮಾಲೀಕ ಕೈ ಬಿಗಿ ಹಿಡಿಯದೆ ಇರುತ್ತಾನಾ? ಅವನಿಗೆ ನಾನು ಅತಿಥಿಯಲ್ಲ, ಖರ್ಚಿನ ಬಾಬ್ತು.

ಈ ಕಾರ್ಡ್ ವ್ಯವಹಾರ ಎಷ್ಟು ದೊಡ್ಡದು ಅಂತ 2020ರಲ್ಲೇ ಗೊತ್ತಾಯಿತು. ಕೊರೊನಾ ಬಂದು ಹೋಟೆಲ್‌ಗಳು ಖಾಲಿ ಹೊಡೆಯುತ್ತಿದ್ದಾಗ ಹಿಲ್ಟನ್ ಕಂಪನಿ ತನ್ನ ಕಾರ್ಡ್ ಕೊಡುವ ಅಮೆರಿಕನ್ ಎಕ್ಸ್‌ಪ್ರೆಸ್‌ಗೆ 100 ಕೋಟಿ ಡಾಲರ್‌ಗೆ ಪಾಯಿಂಟ್‌ಗಳನ್ನು ಮುಂಗಡವಾಗಿ ಮಾರಿತು. ಮ್ಯಾರಿಯಟ್ ತನ್ನ ಎರಡು ಕಾರ್ಡ್ ಬ್ಯಾಂಕ್‌ಗಳಿಂದ 92 ಕೋಟಿ ಡಾಲರ್ ಹೊಂದಿಸಿಕೊಂಡಿತು. ಕೋಣೆಯಲ್ಲಿ ಒಬ್ಬರೂ ಮಲಗದಿದ್ದರೂ ದುಡ್ಡು ತಂದುಕೊಡುವ ವ್ಯಾಪಾರ ಇದು. ಅಷ್ಟು ದುಡ್ಡು ತಂದುಕೊಡುವ ಕಾರ್ಡ್‌ದಾರ ಕೌಂಟರ್‌ಗೆ ಬಂದು ನಿಂತರೆ ಮಾತ್ರ ಬಿಟ್ಟಿ ಕೇಳಲು ಬಂದವನ ಹಾಗೆ ನೋಡುತ್ತಾರೆ.

ನನಗೆ ಹೊಟ್ಟೆ ಉರಿದದ್ದು ಅಪ್‌ಗ್ರೇಡ್ ವಿಷಯಕ್ಕಲ್ಲ. ದೊಡ್ಡ ಕೋಣೆ ಇಲ್ಲದಿದ್ದರೆ ಪ್ರಾಣ ಹೋಗುವುದಿಲ್ಲ. ಅಮ್ಮ ಜೊತೆಗೆ ಬಂದಿದ್ದರು. ವಾಪಸ್ ವಿಮಾನ ರಾತ್ರಿಗೆ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ಹೊತ್ತು ಕೂತಿರಲೂ ಆಗುವುದಿಲ್ಲ, ನಿಂತಿರಲೂ ಆಗುವುದಿಲ್ಲ. ಸಂಜೆವರೆಗೆ ಕೋಣೆ ಇಟ್ಟುಕೊಳ್ಳಬಹುದು ಅನ್ನುವ ಒಂದೇ ಕಾರಣಕ್ಕೆ ಆ ಹೋಟೆಲ್ ಆರಿಸಿದ್ದೆ. ಹಿಂದಿನ ರಾತ್ರಿ ಕೌಂಟರ್‌ನಲ್ಲಿ ಕೇಳಿದೆ, ‘ಆಯ್ತು ಸರ್’ ಎಂದರು. ಮಧ್ಯಾಹ್ನ ಊಟ ಮುಗಿಸಿ ಮೇಲೆ ಬಂದರೆ ಬಾಗಿಲು ತೆರೆಯಲಿಲ್ಲ. ಕೀ ಕಾರ್ಡ್ ತಾಗಿಸಿದರೆ ಕೆಂಪು ದೀಪ. ಒರೆಸಿ ತಾಗಿಸಿದರೂ ಕೆಂಪು. ಒಳಗೆ ಅಮ್ಮನ ಮಾತ್ರೆ ಡಬ್ಬಿ, ನಮ್ಮ ಸೂಟ್‌ಕೇಸ್, ಚಾರ್ಜರ್ ಎಲ್ಲ. ಆ ಉದ್ದದ ಕಾರಿಡಾರ್‌ನಲ್ಲಿ ಕೂರಲು ಒಂದು ಕುರ್ಚಿ ಇಲ್ಲ. ಅಮ್ಮ ಗೋಡೆಗೆ ಕೈ ಕೊಟ್ಟು ನಿಂತರು. ನಾನು ಕೆಳಗೆ ಓಡಿದೆ. ‘ನಿನ್ನೆಯವರು ಸಿಸ್ಟಮ್‌ನಲ್ಲಿ ಹಾಕಿಲ್ಲ ಸರ್, ಈಗ ಆ ಕೋಣೆಗೆ ಬೇರೆಯವರು ಬರ್ತಾ ಇದ್ದಾರೆ, ಅದೂ ಲಭ್ಯವಿದ್ದರೆ ಮಾತ್ರ ಅಲ್ವಾ’ ಅಂದರು. ಬೇಕಿದ್ದರೆ ಅರ್ಧ ದಿನದ ಬಾಡಿಗೆ ಕಟ್ಟಿ ಅಂತ ಬೇರೆ. ವಾದ ಮಾಡಿ, ಮ್ಯಾನೇಜರ್ ಬಂದು, ಸಾಮಾನು ತೆಗೆದುಕೊಳ್ಳಲು ಬಾಗಿಲು ತೆರೆಸಿಕೊಳ್ಳುವಷ್ಟರಲ್ಲಿ ಸಾಕಾಗಿ ಹೋಯಿತು. ಅಮ್ಮ ‘ಹೋಗ್ಲಿ ಬಿಡೋ, ಕೆಳಗೆ ಕೂತ್ಕೊಳ್ತೀನಿ’ ಎಂದರು. ಸಂಜೆವರೆಗೆ ಲಾಬಿಯ ಸೋಫಾದಲ್ಲಿ ಕಾಲು ನೀವಿಕೊಳ್ಳುತ್ತಾ ಕೂತರು. ಎದುರಿನ ಟಿವಿಯಲ್ಲಿ ಅದೇ ಕಾರ್ಡಿನ ಜಾಹೀರಾತು ಓಡುತ್ತಿತ್ತು. ನನಗೆ ಇದನ್ನು ಮರೆಯಲು ಆಗುತ್ತಿಲ್ಲ. ಪಾಯಿಂಟ್ ಕೊಡುತ್ತೇವೆ, ಕ್ಷಮಿಸಿ ಅಂದರೆ ಕ್ಷಮಿಸಲೂ ಆಗುತ್ತಿಲ್ಲ.

ತಿಂಡಿ ವಿಷಯಕ್ಕೆ ಬಂದರೆ ಅದೊಂದು ಕಗ್ಗಂಟು. ಒಂದೇ ಕಂಪನಿಯ ಹೋಟೆಲ್ ಆದರೂ ಬಾಗಿಲ ಮೇಲಿನ ಹೆಸರು ಬದಲಾದರೆ ನಿಯಮ ಬದಲು. ಬಾನ್‌ವಾಯ್ ಪ್ಲಾಟಿನಂಗೆ ಎಷ್ಟೋ ಹೋಟೆಲ್‌ಗಳಲ್ಲಿ ತಿಂಡಿ ಸಿಗುತ್ತದೆ, ಅದೇ ಕಂಪನಿಯ ರಿಟ್ಜ್ ಕಾರ್ಲ್‌ಟನ್‌ನಲ್ಲಿ ಸ್ಟೇಟಸ್ ಲೆಕ್ಕದಲ್ಲಿ ಸಿಗುವುದಿಲ್ಲ. ಹಿಲ್ಟನ್‌ನವರು 2021ರಲ್ಲಿ ಅಮೆರಿಕದ ಬಹಳಷ್ಟು ಹೋಟೆಲ್‌ಗಳಲ್ಲಿ ಗೋಲ್ಡ್, ಡೈಮಂಡ್ ಸದಸ್ಯರ ಉಚಿತ ತಿಂಡಿ ತೆಗೆದು, ಅದರ ಬದಲು ದಿನಕ್ಕೆ ಇಷ್ಟು ಅಂತ ಊಟ ತಿಂಡಿಗೆ ಮೊತ್ತ ನಿಗದಿ ಮಾಡಿದರು. ಒಂದು ಪ್ಲೇಟ್ ಮೊಟ್ಟೆಯ ಬೆಲೆ ಆ ಮೊತ್ತ ದಾಟಿದರೆ ಉಳಿದದ್ದು ನಮ್ಮ ಜೇಬಿನಿಂದ. ಕಾರ್ಡ್ ಮಾರುವವರು ಇದನ್ನೆಲ್ಲ ಹೇಳುತ್ತಾರಾ? ‘ಉಚಿತ ತಿಂಡಿ, ಲೌಂಜ್, ಸೂಟ್’ ಅಂತ ಮೂರು ಪದ ಒದರಿ ಸಹಿ ಹಾಕಿಸಿಕೊಳ್ಳುತ್ತಾರೆ.

ಇನ್ನು ಬೇರೆ ಬುಕಿಂಗ್ ಸೈಟಿನಿಂದ ಕೋಣೆ ತಗೊಂಡರೆ ಸಾಮಾನ್ಯವಾಗಿ ರಾತ್ರಿಯೂ ಲೆಕ್ಕಕ್ಕಿಲ್ಲ, ಪಾಯಿಂಟೂ ಇಲ್ಲ, ಸ್ಟೇಟಸ್ ಸೌಲಭ್ಯಕ್ಕೂ ಖಾತ್ರಿ ಇಲ್ಲ. ಅವರ ಆ್ಯಪ್‌ನಲ್ಲೇ, ಅವರು ಹೇಳಿದ ದರಕ್ಕೇ ತಗೊಳ್ಳಬೇಕು. ಅಗ್ಗದ ಕೋಣೆ ಬಿಟ್ಟು ದುಬಾರಿ ಕೋಣೆ ಹಿಡಿದದ್ದೂ ಈ ಕಾರ್ಡಿನ ಖರ್ಚೇ. ಆ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಖರ್ಚು ಮಾಡುತ್ತಾ ಮೇಲಿನ ಮೆಟ್ಟಿಲು ಹತ್ತಬಹುದು ಅನ್ನುವ ಆಮಿಷ ಇನ್ನೊಂದು. ಹಯಾತ್ ಹೋಟೆಲ್ ಕಂಪನಿಯ ವರ್ಲ್ಡ್ ಆಫ್ ಹಯಾತ್ ಕಾರ್ಡ್ ನೋಡಿ. ಸ್ಟೇಟಸ್ ಎಣಿಕೆಗೆ ವರ್ಷಕ್ಕೆ 5 ರಾತ್ರಿ ಸುಮ್ನೆ ಬರುತ್ತದೆ, ಆಮೇಲೆ ಪ್ರತಿ 5,000 ಡಾಲರ್ ಖರ್ಚಿಗೆ 2 ರಾತ್ರಿ. ಅವರ ಮೇಲಿನ ಮೆಟ್ಟಿಲಾದ ಗ್ಲೋಬಲಿಸ್ಟ್ ಆಗಲು 60 ರಾತ್ರಿ ಬೇಕು. ಹೋಟೆಲ್‌ಗೆ ಕಾಲಿಡದೆ ಕಾರ್ಡ್ ಉಜ್ಜಿಯೇ ಅಲ್ಲಿಗೆ ಮುಟ್ಟಬೇಕೆಂದರೆ 1,40,000 ಡಾಲರ್ ಖರ್ಚು ಮಾಡಬೇಕು. ವರ್ಷ ಕಳೆದರೆ ಎಣಿಕೆ ಮತ್ತೆ ಮೊದಲಿನಿಂದ. ಡಿಸೆಂಬರ್‌ನಲ್ಲಿ ‘ಇನ್ನೊಂದು ಸ್ವಲ್ಪ ಬೇಕಲ್ಲ’ ಅಂತ ಬೇಡದ್ದನ್ನೆಲ್ಲ ಕೊಳ್ಳುವವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರಿಗೂ ಸಿಗುವುದು ಕೊನೆಗೆ ಅದೇ ಕೌಂಟರ್, ಅದೇ ನಗು.

ಕೆಲವರು ಹೇಳುತ್ತಾರೆ, ಕಾರ್ಡ್‌ನಿಂದ ಸ್ಟೇಟಸ್ ತಗೊಂಡವರಿಂದಲೇ ಎಲ್ಲ ಕೆಟ್ಟಿತು ಅಂತ. ಕೆಲಸದ ಮೇಲೆ ತಿಂಗಳುಗಟ್ಟಲೆ ಹೋಟೆಲ್‌ನಲ್ಲೇ ಬದುಕುವ ಸ್ನೇಹಿತನೊಬ್ಬನಿದ್ದಾನೆ. ನಿಜವಾಗಿ ಉಳಿದು ಸ್ಟೇಟಸ್ ಗಳಿಸಿದವನು. ಲೌಂಜ್‌ನಲ್ಲಿ ಕೂರಲು ಜಾಗ ಇಲ್ಲ, ಕಾಫಿಗೆ ಸಾಲು ನಿಲ್ಲಬೇಕು ಅಂತ ಅವನು ನನ್ನಂಥವರ ಮೇಲೆ ಸಿಡುಕುತ್ತಾನೆ. ಅವನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನೂರು ಸೀಟಿನ ಬಸ್ಸಿಗೆ ಸಾವಿರ ಟಿಕೆಟ್ ಹರಿದವನನ್ನು ಬಿಟ್ಟು, ಪಕ್ಕದಲ್ಲಿ ನಿಂತ ಪ್ರಯಾಣಿಕನ ಜೊತೆ ಯಾಕೆ ಜಗಳ? ಅವನು ಬೆನ್ನು ನೋಯಿಸಿಕೊಂಡು ಗಳಿಸಿದ, ನಾನು ದುಡ್ಡು ಕೊಟ್ಟು ತಗೊಂಡೆ. ಇಬ್ಬರಿಗೂ ಮಾತು ಕೊಟ್ಟವರು ಒಬ್ಬರೇ. ಇಬ್ಬರಿಗೂ ತಪ್ಪಿದವರೂ ಅವರೇ.

‘ಷರತ್ತು ಓದಬೇಕಿತ್ತು’ ಅನ್ನುವವರಿಗೂ ಒಂದು ಮಾತು. ಓದಿದ್ದೇನೆ. ಬ್ಯಾಂಕ್‌ನದ್ದು ಬೇರೆ, ಹೋಟೆಲ್‌ನದ್ದು ಬೇರೆ, ಎರಡನ್ನೂ ಓದಿದ್ದೇನೆ. ಸೌಲಭ್ಯ ಕೊಡುವುದು ಹೋಟೆಲ್‌ನ ಜವಾಬ್ದಾರಿ, ನಮ್ಮದಲ್ಲ ಅಂತ ಬ್ಯಾಂಕ್ ಬರೆದುಕೊಂಡಿದೆ. ಯಾವ ಸೌಲಭ್ಯವನ್ನಾದರೂ ಯಾವಾಗ ಬೇಕಾದರೂ ಬದಲಾಯಿಸಬಹುದು ಅಂತ ಹೋಟೆಲ್ ಬರೆದುಕೊಂಡಿದೆ. ಇಬ್ಬರೂ ತಪ್ಪಿಸಿಕೊಳ್ಳುವ ಬಾಗಿಲನ್ನು ಮೊದಲೇ ತೆರೆದಿಟ್ಟುಕೊಂಡು ಆಮೇಲೆ ನಮ್ಮನ್ನು ಒಳಗೆ ಕರೆದಿದ್ದಾರೆ. ಓದಿದ್ದರಿಂದ ನನ್ನ ಸಿಟ್ಟು ಜಾಸ್ತಿಯೇ ಆಯಿತು.

ನಾನು ಆಗದ್ದನ್ನೇನೂ ಕೇಳುತ್ತಿಲ್ಲ. ಚೆಕ್‌ಇನ್ ಹೊತ್ತಿಗೆ ಮಾರಾಟವಾಗದೆ ಉಳಿದ ಕೋಣೆ ಆ್ಯಪ್‌ನಲ್ಲಿ ಕಾಣುತ್ತಿದ್ದರೆ ಅದನ್ನು ಲಭ್ಯ ಅಂತ ಒಪ್ಪಿಕೊಳ್ಳಿ. ಸಂಜೆವರೆಗೆ ಕೋಣೆ ಅಂತ ಹೇಳಿದ್ದರೆ ಬುಕ್ ಮಾಡುವಾಗಲೇ ಬರೆದುಕೊಡಿ, ಸಿಗುವುದಿಲ್ಲ ಅಂತಿದ್ದರೆ ಅದನ್ನೂ ಆಗಲೇ ಹೇಳಿ, ನಾವು ಬೇರೆ ಕಡೆ ಹೋಗುತ್ತೇವೆ. ಯಾವ ಹೋಟೆಲ್‌ನಲ್ಲಿ ತಿಂಡಿ ಇದೆ, ಯಾವುದರಲ್ಲಿ ಇಲ್ಲ ಅನ್ನುವ ಪಟ್ಟಿಯನ್ನು ಕಾರ್ಡ್ ಅರ್ಜಿಯ ಜೊತೆಗೇ ಕೊಡಿ. ಸ್ಟೇಟಸ್ ಬರುವುದು ತಡವಾದರೆ ಅಷ್ಟು ತಿಂಗಳ ಶುಲ್ಕ ವಾಪಸ್ ಮಾಡಿ. ಇಷ್ಟೇ.

ಇದನ್ನೆಲ್ಲ ಬರೆದು ಇಬ್ಬರಿಗೂ ಮೇಲ್ ಹಾಕಿದ್ದೇನೆ, ಕೀ ಕಾರ್ಡ್ ನಿಂತುಹೋದ ದಿನದ ಬಿಲ್ ಸಮೇತ. ಹೋಟೆಲ್‌ನವರು ಸ್ವಲ್ಪ ಪಾಯಿಂಟ್ ಹಾಕಿ ದೂರು ಮುಚ್ಚಿದ್ದೇವೆ ಎಂದರು. ಮತ್ತೆ ತೆರೆಸಿದ್ದೇನೆ. ಬ್ಯಾಂಕ್‌ನಿಂದ ಒಬ್ಬರು ಫೋನ್ ಮಾಡಿ, ಈ ವರ್ಷ ಕಾರ್ಡ್ ಮುಂದುವರಿಸಿದರೆ ಬೋನಸ್ ಕೊಡುತ್ತೇವೆ ಎಂದರು. ಬೋನಸ್ ಬೇಡ, ಕಟ್ಟಿದ ಶುಲ್ಕ ವಾಪಸ್ ಕೊಡಿ, ಕಾರ್ಡ್ ಮುಚ್ಚಿ ಅಂದಿದ್ದೇನೆ. ಮೇಲಿನವರನ್ನು ಕೇಳಿ ಹೇಳುತ್ತಾರಂತೆ. ಬಾಯಿ ಮಾತು ಬೇಡ, ಉತ್ತರ ಬರಹದಲ್ಲೇ ಬರಲಿ ಅಂತ ಹೇಳಿ ಫೋನ್ ಇಟ್ಟಿದ್ದೇನೆ.