ಸೈತಾನನ ತಪ್ಪಲ್ಲ, ತೇವದ ತಪ್ಪು

ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲದಿದ್ದರೆ ಸೈತಾನನನ್ನು ಬೈಯುವುದು ಕ್ರೈಸ್ತರಲ್ಲಿ ಹಳೆಯ ರೂಢಿ. ಕೊಡಗಿನಲ್ಲಿ ಆ ಪುಣ್ಯಾತ್ಮನಿಗೆ ಅಷ್ಟೊಂದು ಕೆಲಸವೇ ಇಲ್ಲ. ಜೂನ್‌ನಿಂದ ಮಳೆ, ನವೆಂಬರ್‌ನಿಂದ ಕಾಫಿ ಕುಯ್ಲು, ವರ್ಷವಿಡೀ ಕೈಕೊಡುವ ಕರೆಂಟು, ಇವೇ ಅವನ ಪಾಲಿನ ದುಡಿಮೆಯನ್ನೂ ಮುಗಿಸಿಕೊಡುತ್ತವೆ. ಒಬ್ಬನೇ ಕೂತು ದೇವರ ಜೊತೆ ನಾಲ್ಕು ಮಾತಾಡಬೇಕೆಂದು ಹೊರಟವನ ಭಕ್ತಿ ಇಲ್ಲಿ ಕೆಡುವುದು ನಂಬಿಕೆ ಕಮ್ಮಿಯಾಗಿ ಅಲ್ಲ, ಬೆಂಕಿಪೆಟ್ಟಿಗೆ ನೆನೆದು.

ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದು ಸರಳ. ಪ್ರಾರ್ಥಿಸುವಾಗ ಕೋಣೆಯೊಳಗೆ ಹೋಗು, ಬಾಗಿಲು ಮುಚ್ಚಿಕೋ. ಇದನ್ನು ಆಷಾಢದ ಮಡಿಕೇರಿಯಲ್ಲಿ ಪಾಲಿಸಿ ನೋಡಿ. ಮನೆಯಲ್ಲಿ ಖಾಲಿ ಕೋಣೆ ಎಂದರೆ ಬಟ್ಟೆ ಒಣಹಾಕಿದ ಕೋಣೆ. ಹಗ್ಗದ ಮೇಲೆ ಮೂರು ದಿನದಿಂದ ಒಣಗದ ಪ್ಯಾಂಟುಗಳು, ಮೂಲೆಯಲ್ಲಿ ಕಾಳುಮೆಣಸಿನ ಮೂಟೆ, ಮೊಣಕಾಲೂರಿ ತಲೆ ಎತ್ತಿದರೆ ಹಣೆಗೆ ತಣ್ಣಗೆ ತಾಗುವ ಸ್ವೆಟರಿನ ತೋಳು. ಅದನ್ನು ಪವಿತ್ರಾತ್ಮರ ಸ್ಪರ್ಶವೆಂದು ತಿಳಿದು ಬೆಚ್ಚಿಬಿದ್ದರೆ ತಪ್ಪಿಲ್ಲ. ಬಾಗಿಲನ್ನು ಮಾತ್ರ ಹತ್ತು ನಿಮಿಷಕ್ಕಿಂತ ಹೆಚ್ಚು ಮುಚ್ಚಬೇಡಿ, ಗಾಳಿಯಾಡದ ಕಡೆ ಮೊದಲು ಬೂಷ್ಟು ಹಿಡಿಯುವುದು ಬೈಬಲ್ಲಿಗೇ.

ಬೈಬಲ್ಲಿನ ಕಾಗದ ತೆಳು, ಪುಟಗಳು ಸಾವಿರಕ್ಕೂ ಮೀರಿ. ಹಾಳೆ ತೇವ ಹೀರಿ ಹಿಗ್ಗುತ್ತದೆ. ಬೆನ್ನಿನ ಕಡೆ ಹೊಲಿಗೆ ಬಿಗಿಯಾಗಿ ಹಿಡಿದಿರುವುದರಿಂದ ಹೊರಗಿನ ಅಂಚು ಮಾತ್ರ ಅಲೆಅಲೆಯಾಗಿ ಮೇಲೇಳುತ್ತದೆ. ಇದಕ್ಕೆ ಮದ್ದು ಎಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿಡುವವರು ಒಳಗಿನ ತೇವವನ್ನು ಕಾಪಾಡಿಕೊಂಡು ಬರುತ್ತಾರೆ, ಅಷ್ಟೆ. ಸೌದೆ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಪುಸ್ತಕವೇನೋ ಗರಿಗರಿಯಾಗಿರುತ್ತದೆ, ಆದರೆ ಅದೇ ಅಟ್ಟದಲ್ಲಿ ಹಂದಿಮಾಂಸ ಹೊಗೆಗಿಟ್ಟಿದ್ದರೆ ಯೆಶಾಯನ ಗಂಭೀರ ಪ್ರವಾದನೆ ಓದುವಾಗಲೂ ಬಾಯಲ್ಲಿ ನೀರು ಬರುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿ, ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಜೊತೆಗಿಟ್ಟು, ದಿನಾ ತೆರೆಯುವುದೇ ಸರಿ. ಕೊಡಗಿನಲ್ಲಿ ದಿನಾ ಓದುವ ಬೈಬಲ್ಲಿಗೆ ಬೂಷ್ಟು ಹಿಡಿಯುವುದು ಕಮ್ಮಿ. ಆದ್ದರಿಂದ ಮಳೆಗಾಲದಲ್ಲಿ ಮನೆಗೆ ಬಂದ ಫಾದರ್ ಅಥವಾ ಸಭಾಪಾಲಕರು ಮೇಜಿನ ಮೇಲಿನ ಬೈಬಲ್ ಎತ್ತಿ ಸುಮ್ಮನೆ ಮೂಸಿದರೆ ಸಾಕು, ಬೇರೆ ವಿಚಾರಣೆ ಬೇಕಿಲ್ಲ.

ಮೇಣದಬತ್ತಿಯದು ಇನ್ನೊಂದು ಕಥೆ. ಧ್ಯಾನಕ್ಕೆಂದು ಎರಡು ಇಂಚು ದಪ್ಪದ, ಸುವಾಸನೆಯ ಬತ್ತಿ ತರುತ್ತಾರೆ. ದಿನಕ್ಕೆ ಹತ್ತು ನಿಮಿಷ ಉರಿಸಿ ಆರಿಸುತ್ತಾರೆ. ವಾರ ಕಳೆಯುವಷ್ಟರಲ್ಲಿ ನಡುವೆ ಬಾವಿ ತೋಡಿದಂತಾಗಿ, ಬತ್ತಿ ತನ್ನದೇ ಮೇಣದಲ್ಲಿ ಮುಳುಗಿ ಸಾಯುತ್ತದೆ. ದಪ್ಪ ಬತ್ತಿಯನ್ನು ಮೊದಲ ಸಲ ಹಚ್ಚಿದಾಗ ಮೇಣ ಅಂಚಿನವರೆಗೂ ಕರಗಬೇಕು, ಅಗಲದ ಪ್ರತಿ ಇಂಚಿಗೂ ಸುಮಾರು ಒಂದು ಗಂಟೆಯ ಲೆಕ್ಕ. ಅಂದರೆ ಆ ಬತ್ತಿ ನಿಮ್ಮಿಂದ ಎರಡು ಗಂಟೆಯ ಪ್ರಾರ್ಥನೆ ಕೇಳುತ್ತದೆ. ಯೇಸುವನ್ನು ಹಿಡಿದ ರಾತ್ರಿ ಗೆತ್ಸೆಮನೆ ತೋಟದಲ್ಲಿ ಶಿಷ್ಯರ ಕೈಯಲ್ಲಿ ಒಂದು ಗಂಟೆ ಎಚ್ಚರವಿರಲು ಆಗಲಿಲ್ಲ, ನಮ್ಮದೇನು ಮಾತು. ಹತ್ತು ನಿಮಿಷದ ಭಕ್ತಿಗೆ ಕಿರಾಣಿ ಅಂಗಡಿಯ ತೆಳು ಬಿಳಿ ಬತ್ತಿಯೇ ತಕ್ಕದ್ದು. ಬೆಂಕಿಪೆಟ್ಟಿಗೆಯನ್ನು ಒಂದು ಹಿಡಿ ಹುರಿದ ಅಕ್ಕಿಯ ಜೊತೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ.

ಓದಿನ ವಿಷಯದಲ್ಲಿ ಜನವರಿ 1ರ ವೀರರೇ ಜಾಸ್ತಿ. ವರ್ಷದಲ್ಲಿ ಇಡೀ ಬೈಬಲ್ ಮುಗಿಸುತ್ತೇನೆಂಬ ಶಪಥ. ಪ್ರೊಟೆಸ್ಟೆಂಟ್ ಬೈಬಲ್ಲಿನಲ್ಲಿ 66 ಪುಸ್ತಕ, 1189 ಅಧ್ಯಾಯ, ದಿನಕ್ಕೆ ಮೂರು ಚಿಲ್ಲರೆ. ಕಥೋಲಿಕರದು 73 ಪುಸ್ತಕ, ಇನ್ನೂ ಹೆಚ್ಚು. ಆದಿಕಾಂಡದ 50, ವಿಮೋಚನಕಾಂಡದ 40 ಮುಗಿಯುವಾಗ ಜನವರಿ 28 ಬಂದಿರುತ್ತದೆ. ಕಣದಲ್ಲಿ ರೋಬಸ್ಟಾ ಕಾಫಿ ಹರಡಿದೆ, ಆಳುಗಳ ಲೆಕ್ಕ ಬರೆಯಬೇಕು, ಅಷ್ಟರಲ್ಲಿ ಎದುರಿಗೆ ಯಾಜಕಕಾಂಡ. ಹೋಮದ ಕೊಬ್ಬು, ಮೂತ್ರಪಿಂಡ, ಯಾವುದನ್ನು ಸುಡಬೇಕು, ಯಾವುದನ್ನು ಸುಡಬಾರದು. ಅಲ್ಲಿಗೆ ಪುಸ್ತಕ ಮುಚ್ಚಿ ಬೀರು ಸೇರುತ್ತದೆ.

ಅನ್ಯಾಯವೆಂದರೆ, ಇಡೀ ಬೈಬಲ್ಲಿನಲ್ಲಿ ಕೊಡಗಿನವರಿಗಾಗಿಯೇ ಬರೆದಂತಿರುವ ಅಧ್ಯಾಯ ಅಲ್ಲೇ ಮುಂದಿದೆ. ಯಾಜಕಕಾಂಡ 14, ಮನೆಗೋಡೆಯ ಬೂಷ್ಟು! ಗೋಡೆಯಲ್ಲಿ ಹಸಿರು ಇಲ್ಲವೇ ಕೆಂಪು ಮಚ್ಚೆ ಕಂಡರೆ ಮನೆಯವನು ಯಾಜಕನಿಗೆ ತಿಳಿಸಬೇಕು. ಯಾಜಕ ಬರುವ ಮೊದಲು ಸಾಮಾನೆಲ್ಲ ಹೊರಗೆ. ಮಚ್ಚೆ ಗೋಡೆಯೊಳಕ್ಕೆ ಇಳಿದಂತೆ ಕಂಡರೆ ಏಳು ದಿನ ಮನೆಗೆ ಬೀಗ. ಏಳನೆಯ ದಿನ ಬಂದು ನೋಡಿದಾಗ ಹರಡಿದ್ದರೆ ಆ ಕಲ್ಲುಗಳನ್ನು ಕಿತ್ತು, ಗಾರೆ ಕೆರೆದು, ಊರಾಚೆ ಎಸೆದು ಹೊಸ ಗಾರೆ ಬಳಿಯಬೇಕು. ಮತ್ತೂ ಬಂದರೆ ಮನೆಯನ್ನೇ ಕೆಡವಬೇಕು. ಜುಲೈನಲ್ಲಿ ಇದನ್ನು ಜಾರಿಗೆ ತಂದರೆ ಭಾಗಮಂಡಲದಿಂದ ಸೋಮವಾರಪೇಟೆವರೆಗೆ ಒಂದು ಮನೆಯೂ ನಿಲ್ಲುವುದಿಲ್ಲ. ಅದರ ಹಿಂದಿನ ಅಧ್ಯಾಯದಲ್ಲಿ ಬಟ್ಟೆಯ ಬೂಷ್ಟಿಗೂ ವಿಧಿಯಿದೆ; ಹಗ್ಗದ ಮೇಲಿನ ಪ್ಯಾಂಟು ನೋಡುತ್ತಾ ಓದಿದರೆ ಈ ವಿಧಿಗಳನ್ನು ಸಾರಿದ ಮೋಶೆ ಪಕ್ಕದ ಮನೆಯವನಂತೆ ಹತ್ತಿರವಾಗುತ್ತಾನೆ.

ಆದರೂ ಹೊಸಬರು ಆದಿಕಾಂಡದಿಂದ ಹೊರಡುವುದು ಬೇಡ. ಮಾರ್ಕನ ಸುವಾರ್ತೆ 16 ಅಧ್ಯಾಯ, ಹದಿನಾರು ದಿನ. ಜ್ಞಾನೋಕ್ತಿಗಳು 31, ತಿಂಗಳ ತಾರೀಖೇ ಅಧ್ಯಾಯದ ನಂಬರು, ಗುರುತಿಗೆ ದಾರ ಕೂಡ ಬೇಡ. ದಿನಕ್ಕೆ ಐದರಂತೆ 150 ಕೀರ್ತನೆಗಳನ್ನು ತಿಂಗಳಲ್ಲಿ ಮುಗಿಸುವ ಕ್ರಮವೂ ಒಳ್ಳೆಯದೇ, 24ನೇ ತಾರೀಖನ್ನು ಬಿಟ್ಟು. ಆ ದಿನ ಮೊದಲು ಎರಡೇ ವಚನದ 117 ಬಂದು ಬೆನ್ನು ತಟ್ಟುತ್ತದೆ, ಅದಾದ ಮೇಲೆ 176 ವಚನದ 119. ಅವತ್ತು ಕೊಟ್ಟಿಗೆಯ ಕೆಲಸ ಬೇರೆಯವರಿಗೆ ಒಪ್ಪಿಸಿ.

ಓದಿದ್ದು ಒಳಗಿಳಿಯಬೇಕಾದರೆ ನಿಧಾನ ಬೇಕು. ಹನ್ನೆರಡನೇ ಶತಮಾನದಲ್ಲಿ ಗ್ವಿಗೊ ಎಂಬ ಸನ್ಯಾಸಿ ಇದನ್ನು ನಾಲ್ಕು ಮೆಟ್ಟಿಲಿನ ಏಣಿ ಎಂದ: ಓದು, ಮೆಲುಕು, ಬೇಡಿಕೆ, ಮೌನ. ಕಾಫಿ ನಾಡಿನಲ್ಲಿ ಈ ಏಣಿಗೆ ಸರಿಯಾದ ಗಡಿಯಾರ ಫಿಲ್ಟರು. ಮೇಲಿನ ಪಾತ್ರೆಗೆ ಮೂರು ಚಮಚ ಪುಡಿ, ಬಿಲ್ಲೆಯನ್ನು ಒತ್ತದೆ ಸುಮ್ಮನೆ ಇಟ್ಟು, ಕುದಿನೀರು ಸುರಿದು ಮುಚ್ಚಿ. ಡಿಕಾಕ್ಷನ್ ಇಳಿಯಲು ಹದಿನೈದು ನಿಮಿಷ. ದೇವರೇ ನನ್ನ ಕುರುಬ, ನನಗೆ ಕೊರತೆಯಿಲ್ಲ ಎನ್ನುವ 23ನೇ ಕೀರ್ತನೆಗೆ ಇರುವುದು ಆರೇ ವಚನ. ಎರಡು ಸಲ ಗಟ್ಟಿಯಾಗಿ ಓದಿ, ಮನಸ್ಸಿಗೆ ಅಂಟಿದ ಒಂದು ಪದ ಹಿಡಿದುಕೊಳ್ಳಿ. ಸಾಮಾನ್ಯವಾಗಿ ಅಂಟುವುದು ‘ಕೊರತೆ’. ಕೂಡಲೇ ಹಾಲು ಇದೆಯೋ ಇಲ್ಲವೋ ಎಂಬ ಚಿಂತೆ. ಪರವಾಗಿಲ್ಲ, ಅದನ್ನೇ ದೇವರಿಗೆ ಹೇಳಿ, ಮೂರನೇ ಮೆಟ್ಟಿಲು ಇರುವುದೇ ಅದಕ್ಕೆ. ಆಮೇಲೆ ಸುಮ್ಮನಿರಿ, ತೊಟ್ಟು ಬೀಳುವ ಸದ್ದು ಕೇಳುತ್ತಿರಲಿ. ಪುಡಿ ತೀರಾ ನುಣ್ಣಗಿದ್ದರೆ ಇಲ್ಲವೇ ಬಿಲ್ಲೆ ಬಿಗಿಯಾಗಿದ್ದರೆ ತೊಟ್ಟು ನಿಂತುಹೋಗಿ ಮೌನ ಮುಕ್ಕಾಲು ಗಂಟೆಗೆ ಬೆಳೆಯುತ್ತದೆ. ಆಗ ಫಿಲ್ಟರಿನ ನೆತ್ತಿಗೆ ಚಮಚದಿಂದ ಕುಟ್ಟಬೇಕೆನಿಸುವುದು ಸಹಜ, ಅದು ಏಣಿಯ ಐದನೇ ಮೆಟ್ಟಿಲಲ್ಲ. ಬೆಲ್ಲದ ಕಾಫಿ ಕುಡಿಯುವ ಮನೆಗಳಲ್ಲಿ ಎಲ್ಲವೂ ಐದು ನಿಮಿಷದಲ್ಲಿ ಕುದಿದು ಮುಗಿಯುವುದರಿಂದ ಯೇಸು ಕಲಿಸಿದ ಪ್ರಾರ್ಥನೆಯಾದ ಪರಲೋಕ ಮಂತ್ರ ಒಂದಕ್ಕೆ ಮಾತ್ರ ಸಮಯ.

ಕೂತರೆ ನಿದ್ದೆ ಬರುವವರು ನಡೆಯಬೇಕು. ಪೌಲನ ಉಪದೇಶ ಕೇಳುತ್ತಾ ಕಿಟಕಿಯಲ್ಲಿ ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದ ಯೂತಿಖನ ಕಥೆ ಅಪೊಸ್ತಲರ ಕಾರ್ಯಕಲಾಪಗಳಲ್ಲೇ ಇದೆ. ಮಾರ್ಚ್ ಹೊತ್ತಿಗೆ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿದಾಗ ಜಪಸರ ಹಿಡಿದು ನಡೆದರೆ ಬೇರೆ ಧೂಪ ಬೇಡ. ಆದರೆ ಸಿದ್ದಾಪುರ, ಪಾಲಿಬೆಟ್ಟದ ಕಡೆ ಮುಂಜಾನೆ ಕಣ್ಣು ಮುಚ್ಚಿಕೊಂಡು ನಡೆಯಬಾರದು. ದಾರಿಯಲ್ಲಿ ಹಬೆಯಾಡುವ ಆನೆ ಲದ್ದಿ ಕಂಡರೆ ಜಪದ ಆ ಹತ್ತು ಮಣಿಯ ಸುತ್ತನ್ನು ಅರ್ಧಕ್ಕೇ ನಿಲ್ಲಿಸಿ ಮನೆ ಕಡೆ ತಿರುಗುವುದು ಅಪನಂಬಿಕೆಯಲ್ಲ. ಮಳೆಗಾಲದಲ್ಲಿ ಆನೆಗಿಂತ ಜಿಗಣೆ ಕಾಟ. ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರು ಬಳಿದು, ಬಟ್ಟೆಯ ಗಂಟಿನಲ್ಲಿ ಉಪ್ಪು ಇಟ್ಟುಕೊಳ್ಳಿ, ನಿಲ್ಲಬೇಡಿ. ನಿಂತು ಧ್ಯಾನಿಸಿದವರ ರಕ್ತ ಸುರಿದಿದೆ, ಆದರೂ ಅವರನ್ನು ಯಾರೂ ರಕ್ತಸಾಕ್ಷಿಗಳೆಂದು ಕರೆದಿಲ್ಲ.

ಉಪವಾಸದ್ದು ಲೆಕ್ಕಾಚಾರದ ವಿಷಯ. ಕಥೋಲಿಕರಲ್ಲಿ 18ರಿಂದ 59 ವಯಸ್ಸಿನವರಿಗೆ ವಿಭೂತಿ ಬುಧವಾರ ಮತ್ತು ಗುಡ್ ಫ್ರೈಡೇ ಒಂದು ಪೂರ್ತಿ ಊಟ, ಎರಡು ಸಣ್ಣ ತಿಂಡಿ, ಮಾಂಸ ಇಲ್ಲ. ಇಷ್ಟೇ ಆದರೆ ಯಾರೂ ಸಾಯುವುದಿಲ್ಲ. ಕೆಲವರು ಉತ್ಸಾಹದಲ್ಲಿ ವಿಭೂತಿ ಬುಧವಾರದಿಂದ ಈಸ್ಟರ್‌ವರೆಗಿನ ತಪಸ್ಸುಕಾಲವಿಡೀ ಕಾಫಿ ಬಿಡುತ್ತೇನೆಂದು ಹರಕೆ ಹೊರುತ್ತಾರೆ. ದಿನಕ್ಕೆ ಐದು ಲೋಟ ಕುಡಿಯುತ್ತಿದ್ದವರಿಗೆ ನಿಲ್ಲಿಸಿದ 12ರಿಂದ 24 ಗಂಟೆಯೊಳಗೆ ತಲೆ ಸಿಡಿಯಲು ಶುರು, ಎರಡನೇ ದಿನ ಅದರ ಉಚ್ಛ್ರಾಯ. ಗುರುವಾರ ಸಂಜೆಗೆ ಹೆಂಡತಿ, ಮಕ್ಕಳು, ತೋಟದ ಲೆಕ್ಕ ಬರೆಯುವ ರೈಟರು ಯಾರೊಂದಿಗೂ ಮಾತಿಲ್ಲ, ಶುಕ್ರವಾರ ಪಾಪನಿವೇದನೆಗೆ ವಿಷಯ ಸಿದ್ಧ. ಬಿಡುವುದೇ ಆದರೆ ಒಂದು ವಾರ ಮುಂಚಿನಿಂದ ಎರಡು ದಿನಕ್ಕೊಂದು ಲೋಟ ಇಳಿಸುತ್ತಾ ಬನ್ನಿ. ಇನ್ನು ಭಾನುವಾರದ ಬೆಳಗಿನ ಕಾಫಿಗೆ ಹೆದರಬೇಕಿಲ್ಲ. ಒಂದು ಗಂಟೆಯ ಉಪವಾಸ ಇರಬೇಕಾದದ್ದು ಚರ್ಚಿನಲ್ಲಿ ಪ್ರಸಾದ ಸ್ವೀಕರಿಸುವ ಮುಂಚೆ, ಪೂಜೆ ಶುರುವಾಗುವ ಮುಂಚೆ ಅಲ್ಲ. ಏಳರ ಪೂಜೆಯಲ್ಲಿ ಸರದಿ ಬರುವಾಗ ಏಳೂ ಮುಕ್ಕಾಲು ಹತ್ತಿರ, ಆರೂವರೆಯ ಲೋಟಕ್ಕೆ ಬಾಧೆಯಿಲ್ಲ.

ಸಂಜೆಯ ಜಪಮಾಲೆಗೆ ಇಪ್ಪತ್ತು ನಿಮಿಷ ಬೇಕು. 59 ಮಣಿಯಲ್ಲಿ 53 ನಮೋ ಮರಿಯಾ ಪ್ರಾರ್ಥನೆಗೆ. ನೂಲಿನ ದಾರದ ಸರ ತೇವಕ್ಕೆ ಕೊಳೆತು ಹರಿಯುತ್ತದೆ, ನೈಲಾನಿನದೇ ತರಿಸಿ. ಮಣಿ ಒಂದೆರಡು ಕಳೆದಿದ್ದರೆ ಹತ್ತು ಎಂಟಾಗಿ ಮಕ್ಕಳಿಗೆ ಖುಷಿ, ಅಜ್ಜಿಗೆ ಅನುಮಾನ. ಪ್ರತಿ ಹತ್ತು ಮಣಿಗೆ ಯೇಸು, ಮರಿಯರ ಬದುಕಿನ ಒಂದು ಘಟನೆ ನೆನೆಯಬೇಕು, ಅದಕ್ಕೆ ‘ರಹಸ್ಯ’ ಎನ್ನುತ್ತಾರೆ. ಜಗಳ ಬರುವುದು ಗುರುವಾರ. 2002ರಲ್ಲಿ ಎರಡನೇ ಜಾನ್ ಪೌಲ್ ಪೋಪರು ಬೆಳಕಿನ ರಹಸ್ಯಗಳನ್ನು ಸೇರಿಸಿ ಗುರುವಾರಕ್ಕೆ ಕೊಟ್ಟರು. ಅದಕ್ಕೆ ಮುಂಚೆ ಕಲಿತ ಅಜ್ಜಿಗೆ ಗುರುವಾರ ಈಗಲೂ ಸಂತೋಷದ ರಹಸ್ಯವೇ. ಆಕೆ ಮರಿಯಳಿಗೆ ಬಂದ ದೇವದೂತನ ಸಂದೇಶದಿಂದ ಹೊರಡುತ್ತಾಳೆ, ಮೊಮ್ಮಗಳು ಯೇಸು ದೀಕ್ಷಾಸ್ನಾನ ಪಡೆದ ಜೋರ್ಡಾನ್ ನದಿಯಿಂದ. ಕೊನೆಗೆ ಮೊಮ್ಮಗಳು ಗೆದ್ದಳೆನ್ನುವಾಗ ಕರೆಂಟು ಹೋಗಿ, ಬೆಳಕಿನ ರಹಸ್ಯವನ್ನು ಕತ್ತಲಲ್ಲಿ ಹೇಳಬೇಕಾಗುತ್ತದೆ.

ಇದಕ್ಕೆ ಮುಂಜಾಗ್ರತೆ ಒಂದೇ, ಮೊದಲ ಮಣಿ ಹಿಡಿಯುವ ಮುಂಚೆ ಟಿವಿಯ ಪ್ಲಗ್ ಕಿತ್ತಿಡಿ. ಇದನ್ನು ಮರೆತ ಮನೆಯಲ್ಲಿ ನಾಲ್ಕನೇ ರಹಸ್ಯಕ್ಕೆ, ಬೆಟ್ಟದ ಮೇಲೆ ಯೇಸುವಿನ ಮುಖ ಸೂರ್ಯನಂತೆ ಹೊಳೆಯಿತೆನ್ನುವ ಹೊತ್ತಿಗೆ ಸರಿಯಾಗಿ, ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹತ್ತುತ್ತದೆ, ಟಿವಿ ತಾನಾಗಿ ಹೊತ್ತಿಕೊಂಡು ಧಾರಾವಾಹಿಯ ಹಾಡು ಶುರುವಾಗುತ್ತದೆ. ಯಾರಾದರೂ ಎದ್ದು ಆರಿಸಲಿ ಎಂದು ಎಲ್ಲರೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕಾಯುತ್ತಾರೆ, ಹಾಡು ಮುಗಿಯುವವರೆಗೂ.